ಡಬ್ಬಿ ಬಿಚ್ಚಿದ್ದೇ ತಪ್ಪಾಯ್ತು

ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಹತ್ತಿರದ ಗಲ್ಲಿಯೊಂದರಲ್ಲಿ ನನ್ನ ಸಣ್ಣ ರಿಪೇರಿ ಅಂಗಡಿ ಇದೆ. ಆಂಪ್ಲಿಫೈಯರ್, ಹೋಂ ಥಿಯೇಟರ್, ಭಜನಾ ಮಂಡಳಿಯವರ ಮೈಕ್ ಸೆಟ್, ಎಲ್ಲ ಬರುತ್ತವೆ. ಹೋದ ಬೇಸಿಗೆಯಲ್ಲಿ ಒಬ್ಬ ರಿಟೈರ್ಡ್ ಮಾಸ್ತರಿಗೆ ತಗೊಂಡಿದ್ದ ರೊಕ್ಕವನ್ನೆಲ್ಲ ವಾಪಸ್ ಕೊಟ್ಟು ಬಂದೆ. ಕೊಡಲೇಬೇಕಿತ್ತು.

ಅವರ ಮನೆ ಜೇವರ್ಗಿ ರಸ್ತೆ ಕಡೆ. ಸಬ್‌ವೂಫರ್, ಅಂದರೆ ದಪ್ಪ ಸದ್ದಿನ ಬೇಸ್ ಡಬ್ಬಿ, ಸದಾ ಗುಂಯ್ ಅನ್ನುತ್ತದೆ, ಹಾಡು ಹಚ್ಚಿದರೂ ಅಷ್ಟೇ, ಹಚ್ಚದಿದ್ದರೂ ಅಷ್ಟೇ ಅಂತ ಫೋನ್ ಮಾಡಿದ್ದರು. ನಾನು ಮನೆಗೆ ಹೋಗಲಿಲ್ಲ. ಹುಡುಗನನ್ನು ಕಳಿಸಿ ಡಬ್ಬಿ ಮಾತ್ರ ತರಿಸಿಕೊಂಡೆ. ಟೇಬಲ್ ಮೇಲೆ ಇಟ್ಟು ಆನ್ ಮಾಡಿದೆ. ಗುಂಯ್ ಅನ್ನುವ ಸದ್ದೇ ಇಲ್ಲ!

ಅಲ್ಲಿಗೇ ನಿಲ್ಲಬೇಕಿತ್ತು, ಅಲ್ವಾ? ನಿಲ್ಲಲಿಲ್ಲ. ನಮ್ಮೂರ ಬಿಸಿಲಿಗೆ, ಡಬ್ಬಿಯೊಳಗೆ ಕರೆಂಟಿನ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಒಣಗುವುದು ಹೊಸದಲ್ಲ. ಹತ್ತು ಡಿಗ್ರಿ ಬಿಸಿ ಏರಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಏಪ್ರಿಲ್, ಮೇನಲ್ಲಿ ಇಲ್ಲಿ 40 ದಾಟುತ್ತದೆ, ಮುಚ್ಚಿದ ಡಬ್ಬಿಯೊಳಗೆ ಇನ್ನೂ ಜಾಸ್ತಿ. ಹಮ್ (ಈ ಗುಂಯ್ ಸದ್ದಿಗೆ ನಾವು ಅನ್ನುವುದು ಹಾಗೆ) ಅಂದ ಕೂಡಲೇ ನನ್ನ ಕೈ ಸೋಲ್ಡರಿಂಗ್ ಐರನ್ ಕಡೆಗೇ ಹೋಗುತ್ತಿತ್ತು. ಎರಡು ದೊಡ್ಡ ಕೆಪಾಸಿಟರ್ ತೆಗೆದು ಹೊಸವು ಹಾಕಿದೆ, ಬಿಲ್ ಮಾಡಿ ಕಳಿಸಿದೆ.

ಸಂಜೆಗೇ ಫೋನ್ ಬಂತು. 'ತಮ್ಮಾ, ಒಯ್ದಿ, ತಂದಿ, ರೊಕ್ಕಾನೂ ತಗೊಂಡಿ. ಗುಂಯ್ ಅನ್ನೋದು ಮಾತ್ರ ಹಂಗೇ ಅದ ನೋಡು.'

ಮರುದಿನ ನಾನೇ ಹೋದೆ. ಶಹಾಬಾದ್ ಕಲ್ಲಿನ ನೆಲ, ಎರಡು ಗೋಡೆ ಕೂಡುವ ಮೂಲೆಯಲ್ಲಿ ಸಬ್‌ವೂಫರ್. ಮೂಲೆಯಲ್ಲಿಟ್ಟರೆ ಬೇಸ್ ದೊಡ್ಡದಾಗುತ್ತದೆ, ಹಮ್ ಕೂಡ. ಅಡುಗೆಮನೆಯ ಕಪಾಟಿನಲ್ಲಿ ಒಂದು ಸ್ಟೀಲ್ ತಟ್ಟೆ ಸಣ್ಣಗೆ ಝಿರ್ ಅನ್ನುತ್ತಿತ್ತು. ಅಕ್ಕೋರು ಅದರ ಕೆಳಗೆ ಬಟ್ಟೆ ಮಡಚಿ ಇಟ್ಟಿದ್ದರು.

ಸದ್ದನ್ನು ಸರಿಯಾಗಿ ಕೇಳಿದ್ದು ಆಗಲೇ. ಕರೆಂಟಿನ ಹಮ್ ಎರಡು ಥರ. ನಮ್ಮ ಲೈನ್ 50 ಹರ್ಟ್ಜ್. ಹೊರಗಿನಿಂದ ನುಸುಳಿದರೆ ಮುಖ್ಯವಾಗಿ 50ರಲ್ಲೇ ಕೇಳುತ್ತದೆ, ದಪ್ಪ, ಮೆತ್ತಗೆ, ಎದೆಗೆ ತಾಗುವಂಥದ್ದು. ಕೆಪಾಸಿಟರ್ ಸೋತಿದ್ದರೆ 100ರಲ್ಲಿ ಬರುತ್ತದೆ. ಡಬ್ಬಿಯೊಳಗಿನ ಡಯೋಡ್‌ಗಳು ಎಸಿಯ ಎರಡೂ ಅರ್ಧವನ್ನು ಒಂದೇ ಕಡೆಗೆ ತಿರುಗಿಸುವುದರಿಂದ ಎಣಿಕೆ ಡಬಲ್ ಆಗುತ್ತದೆ. ಹಾರ್ಮೋನಿಯಂ ಗೊತ್ತಿದ್ದವರಿಗೆ ಇದು ಸುಲಭ: ಅದೇ ಸ್ವರ, ಒಂದು ಸಪ್ತಕ ಮೇಲೆ. ಮೊಬೈಲ್‌ನಲ್ಲಿ ಸ್ಪೆಕ್ಟ್ರಮ್ ತೋರಿಸುವ ಆಪ್ ಇತ್ತು, ಸ್ಪೀಕರಿನ ಕೋನ್ ಹತ್ತಿರ ಹಿಡಿದೆ. ಎತ್ತರದ ಗೆರೆ 50ರಲ್ಲಿ ನಿಂತಿತ್ತು. ಫೋನ್‌ನಲ್ಲೇ ಮಾಸ್ತರರ ಹತ್ತಿರ ನಾಲ್ಕು ಮಾತು ಕೇಳಿದ್ದರೆ ಕೆಪಾಸಿಟರ್ ಮುಟ್ಟುತ್ತಲೇ ಇರಲಿಲ್ಲ ಅನ್ನಿಸಿ ಮುಖ ಬಿಸಿಯಾಯಿತು.

ಆಮೇಲೆ ಒಂದೊಂದೇ ಕಳಚುತ್ತ ಹೋದೆ. ಆಂಪ್ಲಿಫೈಯರಿನಿಂದ ಹಾಡು ತರುವ, ಸಬ್‌ವೂಫರಿನ ಹಿಂದಿನ ಆರ್‌ಸಿಎ ವೈರ್ ಕಿತ್ತೆ, ಪೂರ್ತಿ ಶಾಂತ. ಅಂದರೆ ಡಬ್ಬಿ ನಿರಪರಾಧಿ. ವೈರ್ ಬದಲಿಸಿ ನೋಡಿದೆ, ಹಮ್ ವಾಪಸ್. ಅದನ್ನು ಹಾಗೇ ಬಿಟ್ಟು ಟಿವಿ ಹಿಂದೆ ಹೋದೆ. ಸೆಟ್‌ಟಾಪ್ ಬಾಕ್ಸಿನಿಂದ ಕೇಬಲ್ ಟಿವಿ ವೈರ್ ತಿರುಗಿಸಿ ಬಿಚ್ಚಿದೆ. ಬೆರಳಿಗೆ ಸಣ್ಣಗೆ ಚುರ್ ಅಂತು, ಹಮ್ ಅಲ್ಲೇ ನಿಂತಿತು. ಅಡುಗೆಮನೆಯ ತಟ್ಟೆಯೂ ಸುಮ್ಮನಾಯಿತು.

ಮಲ್ಟಿಮೀಟರಿನ ಒಂದು ಕಡ್ಡಿ ಆ ವೈರಿನ ಹೊರಗಿನ ಜಾಲರಿಗೆ, ಇನ್ನೊಂದು ಪ್ಲಗ್ ಪಾಯಿಂಟಿನ ಅರ್ಥಿಂಗಿಗೆ. 38 ವೋಲ್ಟ್ ಎಸಿ ತೋರಿಸಿತು. ಮನೆಯ ಅರ್ಥಿಂಗೇ ಕೆಟ್ಟಿದೆಯೇನೋ ಅಂತ ಫೇಸ್‌ಗೂ ಅರ್ಥಿಂಗಿಗೂ ಅಳೆದೆ. ಫೇಸ್‌ಗೂ ನ್ಯೂಟ್ರಲ್‌ಗೂ ಇದ್ದಷ್ಟೇ ಬಂತು, ಒಂದೆರಡು ವೋಲ್ಟ್ ಫರಕು ಅಷ್ಟೇ. ಅಂದರೆ ಮನೆಯ ಅರ್ಥಿಂಗ್ ಕೆಟ್ಟಂತೆ ಕಾಣಲಿಲ್ಲ. ಬೀದಿಯಿಂದ ಬರುವ ಕೇಬಲ್ ಎಲ್ಲೋ ಬೇರೆ ಕಡೆಯ ನೆಲಕ್ಕೆ, ಬೇರೆಯವರ ಕರೆಂಟಿಗೆ ಕೂಡಿಕೊಂಡಿರುತ್ತದೆ. ಇಲ್ಲಿ ಸಬ್‌ವೂಫರಿನ ಮೂರು ಪಿನ್ನಿನ ಪ್ಲಗ್ ಮನೆಯ ನೆಲಕ್ಕೆ. ಎರಡು ನೆಲದ ನಡುವಿನ ಆ ವ್ಯತ್ಯಾಸ ಸೆಟ್‌ಟಾಪ್ ಬಾಕ್ಸ್, ಆಂಪ್ಲಿಫೈಯರ್, ಆರ್‌ಸಿಎ ವೈರಿನ ಜಾಲರಿ ಹಿಡಿದುಕೊಂಡು ಹರಿಯುತ್ತದೆ. ಅದೇ ಜಾಲರಿ ಹಾಡಿನ ವಾಪಸ್ ದಾರಿಯೂ ಹೌದು. ಹಾಗಾಗಿ ಸಬ್‌ವೂಫರಿಗೆ ಅದೂ ಹಾಡೇ. ಸಣ್ಣ ಸ್ಪೀಕರ್‌ಗಳಿಗೆ 50 ಬಾರಿಸುವ ಶಕ್ತಿ ಇಲ್ಲ, ಅವು ಸುಮ್ಮನಿದ್ದವು. ಇದು ಮಾತ್ರ ಮೈತುಂಬ ಬಾರಿಸುತ್ತಿತ್ತು.

'ಹಿಂದಕ ಒಬ್ಬಾಂವ ಬಂದು ದೊಡ್ಡ ಪಿನ್ ಕತ್ತರಿಸಿ ಬಿಡ್ರಿ ಅಂದಿದ್ದ' ಅಂದರು ಮಾಸ್ತರ್. ಅದು ಅರ್ಥಿಂಗಿನ ಪಿನ್, ಕತ್ತರಿಸಿದರೆ ಹಮ್ ಹೋಗುತ್ತದೆ, ಖರೆ. ಆದರೆ ನಾಳೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಲೋಹದ ಪ್ಲೇಟಿಗೆ ಕರೆಂಟ್ ಬಂದರೆ ಅದು ಹರಿದು ಹೋಗಲು ದಾರಿ ಇರುವುದಿಲ್ಲ, ಮುಟ್ಟಿದವರ ಮೈಯೇ ದಾರಿ. ಅವರ ಮೊಮ್ಮಗ ಆ ಡಬ್ಬಿಯ ಮೇಲೇ ಕೂತು ಟಿವಿ ನೋಡುತ್ತಿದ್ದ. 'ಅದೊಂದು ಮಾಡಬ್ಯಾಡ್ರಿ ಸರ್' ಅಂದೆ.

ಬೇಕಿದ್ದದ್ದು ಕೇಬಲ್ ವೈರಿಗೆ ಹಾಕುವ ಐಸೋಲೇಟರ್. ಸಿಗ್ನಲ್ ಬಿಡುತ್ತದೆ, ನೆಲದ ಕರೆಂಟ್ ಬಿಡುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಕೇಳಿದರೆ ಮುಖ ನೋಡುತ್ತಾರೆ. ಹೈದರಾಬಾದಿನಿಂದ ತರಿಸುವವರೆಗೆ ಮಾಸ್ತರರನ್ನು ಕಾಯಿಸುವುದು ಬೇಡ ಅಂತ ಹಳೇ ಡಬ್ಬಿ ತಡಕಾಡಿದೆ. ಮನೆ ಮೇಲೆ ಆಂಟೆನಾ ಇದ್ದ ಕಾಲದ ಬಾಲನ್‌ಗಳು ಸಿಕ್ಕವು, ಚಪ್ಪಟೆ ವೈರನ್ನು ದುಂಡು ವೈರಿಗೆ ಕೂಡಿಸುತ್ತಿದ್ದವು. ಎರಡನ್ನು ಬೆನ್ನಿಗೆ ಬೆನ್ನು ಜೋಡಿಸಿದರೆ ಅದೇ ಕೆಲಸ ಆಗುತ್ತದೆ. ಎಲ್ಲ ಬಾಲನ್ ಆಗುವುದಿಲ್ಲ. ಈ ತುದಿಯ ಜಾಲರಿಯಿಂದ ಆ ತುದಿಯ ಜಾಲರಿಗೆ ಮೀಟರ್ ಬೀಪ್ ಅಂದರೆ ಆ ಜೋಡಿ ಬೇಡ. ನನ್ನದು ಬೀಪ್ ಅನ್ನಲಿಲ್ಲ. ಹಾಕಿದೆ. ಚಾನೆಲ್ ಎಲ್ಲ ಬಂದವು, ಹಮ್ ಇಲ್ಲ.

ಮಾಸ್ತರ್ ರೊಕ್ಕ ವಾಪಸ್ ತಗೊಳ್ಳಲು ಒಪ್ಪಲಿಲ್ಲ. ಅಕ್ಕೋರ ಕೈಗೆ ಕೊಟ್ಟು, ಚಹಾ ಕುಡಿದು ಬಂದೆ.

ಅಂಗಡಿಗೆ ಬಂದು, ಕಿತ್ತು ಹಾಕಿದ್ದ ಕೆಪಾಸಿಟರ್‌ಗಳನ್ನು ಅಳೆದೆ. ಮೈ ಮೇಲೆ 10,000 ಮೈಕ್ರೋಫ್ಯಾರಡ್ ಅಂತ ಬರೆದಿದೆ, ಮೀಟರ್ 9,400 ತೋರಿಸಿತು. ಗಟ್ಟಿಮುಟ್ಟಾಗಿದ್ದವು. ತಿಂಗಳ ಮೇಲೆ ಆಳಂದದಿಂದ ಒಂದು ಭಜನಾ ಆಂಪ್ಲಿಫೈಯರ್ ಬಂತು. ಕೇಳಿದೆ, ಆಪ್ ಹಿಡಿದೆ, 100. ಇನ್‌ಪುಟ್ ಎಲ್ಲ ಕಿತ್ತರೂ ಹೋಗಲಿಲ್ಲ. ಬಿಚ್ಚಿದರೆ ಕೆಪಾಸಿಟರಿನ ತಲೆ ಉಬ್ಬಿತ್ತು. ಹಳೇವು ಅಂತ ಹೇಳಿಯೇ ಮಾಸ್ತರರ ಮನೆಯ ಆ ಎರಡನ್ನೂ ಅದಕ್ಕೆ ಹಾಕಿಕೊಟ್ಟೆ.