ಬಗ್ಗಿ ನೋಡಬೇಕಾದ ಗಾಡಿಗಳು

ಧರ್ಮಸ್ಥಳಕ್ಕೆ ಹೋದವರು ದರ್ಶನ, ಊಟ ಮುಗಿಸಿ ಅಲ್ಲಿನ ಕಾರು ಮ್ಯೂಸಿಯಂಗೂ ಒಂದು ಸುತ್ತು ಹಾಕಿ ಬರುವುದು ರೂಢಿ. ವೀರೇಂದ್ರ ಹೆಗ್ಗಡೆಯವರ ಹಳೇ ಗಾಡಿಗಳ ಸಂಗ್ರಹಕ್ಕೆ ಈಗ ಶ್ರೀರಂಗಪಟ್ಟಣದ ಹತ್ತಿರ, ಬೆಂಗಳೂರು–ಮೈಸೂರು ರಸ್ತೆಯಲ್ಲಿ ‘ಪಯಣ’ ಎಂಬ ಇನ್ನೊಂದು ನೆಲೆಯೂ ಆಗಿದೆ. ಹೋಗುವುದಾದರೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಶಾಲಾ ಪ್ರವಾಸದ ಬಸ್ಸುಗಳು ಬಂದ ಮೇಲೆ ಗಾಡಿಯ ಪಕ್ಕ ಬಗ್ಗಲು ಜಾಗವೇ ಇರುವುದಿಲ್ಲ. ಬಣ್ಣ, ಕ್ರೋಮು ನಿಂತೇ ಕಾಣುತ್ತವೆ. ಗಾಡಿಯಲ್ಲಿ ಜೀವ ಇದೆಯೋ ಇಲ್ಲವೋ ಗೊತ್ತಾಗುವುದು ಅಡಿಯಿಂದ.

ಮೊದಲು ಎಂಜಿನ್ನಿನ ಕೆಳಗೆ ತಟ್ಟೆ ಇಟ್ಟಿದ್ದಾರೆಯೇ ನೋಡಿ. ಅಂಬಾಸಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಕ್ರ್ಯಾಂಕ್‌ಗೆ (ಪಿಸ್ಟನ್‌ಗಳು ತಿರುಗಿಸುವ ದಂಡ) ಹಿಂದಿನ ತುದಿಯಲ್ಲಿ ರಬ್ಬರ್ ಸೀಲ್ ಇಲ್ಲ. ಕ್ರ್ಯಾಂಕ್ ಮೇಲೇ ಕೊರೆದ ಸುರುಳಿ ಗೀರು ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ, ಅದೂ ಎಂಜಿನ್ ತಿರುಗುತ್ತಿರುವಾಗ ಮಾತ್ರ. ನಿಲ್ಲಿಸಿದ ಮೇಲೆ ನಾಲ್ಕು ತೊಟ್ಟು ಕೆಳಗೆ ಬಿದ್ದೇ ಬೀಳುತ್ತದೆ. ಆ ಕಾಲದ ಎಷ್ಟೋ ಇಂಗ್ಲಿಷ್ ಎಂಜಿನ್‌ಗಳದ್ದು ಇದೇ ಕಥೆ. ನೆಲ ಒಣಗಿ ಫಳಫಳ ಹೊಳೆಯುತ್ತಿದ್ದರೆ ಒಳಗೆ ಎಣ್ಣೆಯೇ ಇಲ್ಲ ಎಂದು ಗ್ಯಾರೇಜಿನವರು ನಗುತ್ತಾರೆ, ಅದು ಬರೀ ತಮಾಷೆಯಲ್ಲ.

ಆಮೇಲೆ ಚಕ್ರ. ತಿಂಗಳುಗಟ್ಟಲೆ ಒಂದೇ ಕಡೆ ಭಾರ ಹೊತ್ತ ಟೈರು ನೆಲಕ್ಕೆ ತಾಗಿದಲ್ಲಿ ಚಪ್ಪಟೆಯಾಗುತ್ತದೆ. ಬುದ್ಧಿವಂತರು ಆಕ್ಸಲ್ ಅಡಿ ಸ್ಟ್ಯಾಂಡ್ ಕೊಟ್ಟು ಚಕ್ರವನ್ನು ಒಂದು ಬೆರಳಷ್ಟು ಎತ್ತಿಡುತ್ತಾರೆ. ಚಕ್ರಕ್ಕೆ ಮರದ ದಿಮ್ಮಿ ಕೊಟ್ಟು ಹ್ಯಾಂಡ್‌ಬ್ರೇಕ್ ಸಡಿಲ ಬಿಟ್ಟಿದ್ದರೆ ಅದು ಅಸಡ್ಡೆಯಲ್ಲ. ಎಳೆದೇ ಇಟ್ಟ ಬ್ರೇಕ್‌ನಲ್ಲಿ ಶೂ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಂಡು, ಮುಂದೆ ಗಾಡಿ ತಳ್ಳುವಾಗ ಲೈನಿಂಗೇ ಕಿತ್ತು ಬರುತ್ತದೆ. ಕಿಟಕಿಯಿಂದ ಇಣುಕಿದಾಗ ಕ್ಲಚ್ ಪೆಡಲ್‌ಗೂ ಸೀಟಿಗೂ ನಡುವೆ ಒಂದು ಮರದ ತುಂಡು ಸಿಕ್ಕಿಸಿದ್ದು ಕಂಡರೆ, ಒಳ್ಳೆಯ ಮೆಕ್ಯಾನಿಕ್ ಇರುವ ಜಾಗಕ್ಕೆ ಬಂದಿದ್ದೀರಿ. ಪೆಡಲ್ ಒತ್ತಿ ಹಿಡಿದಿದ್ದರೆ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟುವುದಿಲ್ಲ.

ಸಂಗ್ರಹಕಾರರು ಹೆಮ್ಮೆಯಿಂದ ಹೇಳುವ ಒಂದು ಮಾತು ನಮಗೆ ಒಪ್ಪಿಗೆಯಾಗುವುದಿಲ್ಲ: ‘ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡ್ತೀವಿ.’ ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಎಂಜಿನ್ ಪೂರ್ತಿ ಕಾಯುವ ಮೊದಲೇ ಆರಿಸಿದರೆ ಆ ಆವಿ ಸೈಲೆನ್ಸರ್‌ನಲ್ಲೂ ಎಂಜಿನ್ ತಳದ ಸಂಪಿನ ಎಣ್ಣೆಯಲ್ಲೂ ನೀರಾಗಿ ಕೂರುತ್ತದೆ. ಎಣ್ಣೆ ಹಾಕುವ ಮುಚ್ಚಳ ತೆಗೆದರೆ ಒಳಗೆ ಕೆನೆ ಬಣ್ಣದ ಲೋಳೆ ಕಾಣುವುದು ಇದರಿಂದಲೇ. ಓಡಿಸಿದರೆ ಎಣ್ಣೆ ಚೆನ್ನಾಗಿ ಕಾಯುವಂತೆ ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಬೇಕು, ಆಗದಿದ್ದರೆ ಮುಟ್ಟಲೇಬಾರದು. ಮುಟ್ಟದೆ ಇಡುವುದಕ್ಕೂ ಕ್ರಮವಿದೆ: ಪೆಟ್ರೋಲ್ ಬಸಿಯಬೇಕು, ಕಾರ್ಬುರೇಟರ್‌ನ ಫ್ಲೋಟ್ ಬಟ್ಟಲನ್ನೂ ಒಣಗಿಸಬೇಕು, ಬ್ಯಾಟರಿ ಕಳಚಬೇಕು, ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಕೈಯಿಂದ ಎರಡು ಸುತ್ತು ತಿರುಗಿಸಬೇಕು. ಬಿಟ್ಟ ಪೆಟ್ರೋಲ್ ಆರಿ ಅಂಟಾಗುತ್ತದೆ, ಕಾರ್ಬುರೇಟರಿಗೆ ಪೆಟ್ರೋಲ್ ಬಿಡುವ ಜೆಟ್‌ನ ಕೂದಲೆಳೆಯಷ್ಟು ತೂತು ಮೊದಲು ಮುಚ್ಚಿಹೋಗುತ್ತದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಅಂತೂ ನೀರು ಹೀರಿ ಟ್ಯಾಂಕಿನ ತಳಕ್ಕೆ ತುಕ್ಕು ಹಿಡಿಸುತ್ತದೆ, ಪೆಟ್ರೋಲ್ ಪಂಪಿನೊಳಗಿನ ಹಳೇ ರಬ್ಬರ್ ಪೊರೆಯನ್ನು (ಡಯಾಫ್ರಮ್) ಊದಿಸುತ್ತದೆ.

ಬಂಪರಿನ ನಡುವೆ ಇರುವ ತೂತು ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಎಂಜಿನ್ನನ್ನು ಕೈಯಿಂದ ತಿರುಗಿಸಿ ಸ್ಟಾರ್ಟ್ ಮಾಡುವ ಹ್ಯಾಂಡಲ್ ತೂರಿಸಲು. ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನಲ್ಲೇ ಬಂದಿದ್ದರೂ ನಮ್ಮ ಅಂಬಾಸಡರ್, ಫಿಯೆಟ್‌ಗಳಲ್ಲಿ ಬ್ಯಾಟರಿ ಕೈಕೊಟ್ಟ ದಿನಕ್ಕೆಂದು ಹ್ಯಾಂಡಲ್ ಉಳಿದೇ ಇತ್ತು. ಫೋರ್ಡ್ ಮಾಡೆಲ್ ಟಿಯಂಥ ಗಾಡಿಯಲ್ಲಿ ಅದು ಅಪಾಯದ ಕೆಲಸ. ಮೊದಲು ಸ್ಟೀರಿಂಗಿನ ಎಡಗಡೆಯ ಸಣ್ಣ ಕಡ್ಡಿಯಿಂದ ಕಿಡಿ ತಡವಾಗಿ ಬರುವಂತೆ ಮಾಡಬೇಕು. ಮರೆತರೆ ಪಿಸ್ಟನ್ ಮೇಲೆ ಬರುವ ಮೊದಲೇ ಕಿಡಿ ಹಾರಿ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತದೆ, ಮಣಿಕಟ್ಟು ಮುರಿಯುತ್ತದೆ. ಅದಕ್ಕೇ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಂಡು, ಕೆಳಗೆ ಒತ್ತದೆ ಮೇಲಕ್ಕೆ ಎಳೆಯುವುದು. ಕೆಳಗೆ ಮೂರು ಪೆಡಲ್ ಇದೆಯೆಂದು ನಮ್ಮ ಕಾರಿನಂತೆ ಎಂದುಕೊಳ್ಳಬೇಡಿ: ಎಡದ್ದು ಗೇರ್, ನಡುವಿನದು ರಿವರ್ಸ್, ಬಲದ್ದು ಬ್ರೇಕ್. ಆಕ್ಸಲರೇಟರ್ ಇರುವುದು ಕೈಯಲ್ಲಿ. ಪೆಟ್ರೋಲ್ ಪಂಪ್ ಇಲ್ಲದೆ ಟ್ಯಾಂಕಿನಿಂದ ತಾನೇ ಇಳಿಯಬೇಕಾದ್ದರಿಂದ, ಕಡಿದಾದ ಏರಿನಲ್ಲಿ ಈ ಗಾಡಿಯನ್ನು ರಿವರ್ಸ್‌ನಲ್ಲೇ ಹತ್ತಿಸುತ್ತಿದ್ದರು.

ಫಿಯೆಟ್ 1100ರಲ್ಲಿ ಪಂಪ್ ಇತ್ತು, ಆದರೆ ಎಂಜಿನ್ನಿಗೇ ಅಂಟಿಕೊಂಡು. ಬೇಸಿಗೆಯ ಟ್ರಾಫಿಕ್ಕಿನಲ್ಲಿ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಗಾಡಿ ನಿಂತುಬಿಡುತ್ತಿತ್ತು. ಬಾನೆಟ್ ಎತ್ತಿ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾಯುವುದೇ ಔಷಧಿ. ಇದೇ ಫಿಯೆಟ್ ಮುಂದೆ ಪದ್ಮಿನಿ ಎಂಬ ಹೆಸರು ಪಡೆಯಿತು; ಪದ್ಮಿನಿ ಟ್ಯಾಕ್ಸಿಯವರ ಡಿಕ್ಕಿಯಲ್ಲಿ ಬಟ್ಟೆ, ನೀರಿನ ಬಾಟಲಿ ಇಲ್ಲದೆ ಇರುತ್ತಿರಲಿಲ್ಲ.

ಅರ್ಧ ದಿನ ಕಾರುಗಳಿಗೆ ಹೋದರೆ ಇನ್ನರ್ಧ ಬೈಕುಗಳಿಗೆ ಇಡಿ. ಈ ಸೀಮೆಯಲ್ಲಿ ಜಾವಾ ಎಂದರೆ ಮನೆಯ ಗಾಡಿ. ಫರೋಖ್ ಇರಾನಿಯವರ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಜಾವಾ, ಆಮೇಲೆ ಯೆಜ್ಡಿ ಕಟ್ಟಿತು. ಒಂದೇ ಸಿಲಿಂಡರ್, 65 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 75 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ), ಆದರೂ ಎರಡು ಸೈಲೆನ್ಸರ್. ಕಿಕ್ ಹುಡುಕಬೇಡಿ: ಎಡಗಡೆಯ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್, ಸ್ಟಾರ್ಟ್ ಆದಮೇಲೆ ಮುಂದಕ್ಕೆ ತಂದರೆ ಮತ್ತೆ ಗೇರ್. ಆ ಲಿವರ್ ತುಳಿದಾಗ ಒಳಗಿನ ಕ್ಯಾಮ್ ಕ್ಲಚ್ಚನ್ನೂ ಎತ್ತುತ್ತದೆ. ಹಳಬರು ಕ್ಲಚ್ ಹಿಡಿಯದೆ ಗೇರ್ ಬದಲಿಸುತ್ತಿದ್ದದ್ದು ಪುಂಡಾಟಿಕೆಯಲ್ಲ, ಗಾಡಿಯಲ್ಲೇ ಇದ್ದ ಅನುಕೂಲ.

ನಿಂತ ಜಾವಾದಲ್ಲಿ ಮೊದಲು ಕೆಡುವುದು ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲ್. ಟೂ ಸ್ಟ್ರೋಕ್ ಎಂಜಿನ್ನಿನ ಉಸಿರಾಟ ಕ್ರ್ಯಾಂಕ್‌ಕೇಸಿನೊಳಗೇ ನಡೆಯುವುದರಿಂದ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಎರಡು ಥರದ ರೋಗ. ಪ್ರೈಮರಿ ಚೈನ್ ಕಡೆಯದು ಹೋದರೆ ಗೇರ್ ಎಣ್ಣೆಯನ್ನೇ ಹೀರಿ ಬಿಳಿ ಹೊಗೆ ಕಾರುತ್ತದೆ, ಪ್ಲಗ್ ಒದ್ದೆಯಾಗುತ್ತದೆ. ಡೈನಮೋ ಕಡೆಯದು ಹೋದರೆ ಗಾಳಿ ಎಳೆದು, ಪೆಟ್ರೋಲ್ ಸಾಲದೆ ಪಿಸ್ಟನ್ ಕಾದು ಜಾಮ್. ಎರಡನೆಯದೇ ಹೆಚ್ಚು ಕೆಟ್ಟದ್ದು, ಹೊಗೆಯ ಎಚ್ಚರಿಕೆಯೂ ಇರುವುದಿಲ್ಲ. ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂಟಿ (ಟೂ ಸ್ಟ್ರೋಕ್) ಆಯಿಲ್ ಹಾಕುತ್ತಿದ್ದ ಕಾಲದಲ್ಲಿ ಸೈಲೆನ್ಸರ್ ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ಕಟ್ಟಿಕೊಳ್ಳುವುದೂ ಮಾಮೂಲು. ಎಳೆದು ತೆಗೆದು ಮಸಿ ಕೆರೆದು ಹಾಕಬೇಕಿತ್ತು.

ಬುಲೆಟ್ ಎದುರು ನಿಂತವರು ಹೆಡ್‌ಲೈಟ್ ಮೇಲಿನ ಆಂಪಿಯರ್ ಮೀಟರನ್ನು ಅಲಂಕಾರ ಎಂದುಕೊಳ್ಳುತ್ತಾರೆ. 350 ಸಿಸಿಯ ಆ ಸಿಲಿಂಡರನ್ನು ಬಲದಿಂದ ಒದ್ದವರ ಮೀನಖಂಡ ಹೇಳುತ್ತದೆ ಅದರ ಬೆಲೆ. ಕೀ ತಿರುಗಿಸಿ, ಕಿಕ್ಕನ್ನು ಮೆಲ್ಲಗೆ ಗಟ್ಟಿ ತಾಗುವವರೆಗೆ ಇಳಿಸಬೇಕು. ಕಿಡಿ ಹಾರಿಸುವ ಸ್ವಿಚ್ಚಾದ ಪಾಯಿಂಟ್ ಮುಚ್ಚಿದ್ದಾಗ ಎಡಕ್ಕೆ ವಾಲಿದ್ದ ಮೀಟರಿನ ಮುಳ್ಳು ಪಾಯಿಂಟ್ ತೆರೆದ ಕ್ಷಣ ನಡುವಿಗೆ ಬರುತ್ತದೆ. ಅಲ್ಲಿ ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಸರ್ ಒತ್ತಿ ಇನ್ನೊಂದಿಷ್ಟು ಇಳಿಸಿ, ಬಿಟ್ಟು, ಕಿಕ್ಕನ್ನು ಮೇಲಕ್ಕೆ ತಂದು ಒಂದೇ ಪೂರ್ತಿ ಒದೆ. ಈ ಕ್ರಮದಲ್ಲಿ ಹತ್ತು ವರ್ಷದ ಹುಡುಗನೂ ಸ್ಟಾರ್ಟ್ ಮಾಡಬಲ್ಲ.

ಹೊರಡುವ ಮುನ್ನ ಬೋರ್ಡಿನಲ್ಲಿ ಬರೆದ ಇಸವಿಯನ್ನು ಸ್ಕ್ರೂ ತಲೆಯೊಂದಿಗೆ ಹೋಲಿಸಿ ನೋಡಿ. ಕೂಡು ಗುರುತಿನ ಸ್ಟಾರ್ ಸ್ಕ್ರೂ ಕಾರುಗಳಿಗೆ ಬಂದದ್ದು 1930ರ ದಶಕದ ನಡುವಿನಿಂದೀಚೆಗೆ. 1925ರ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಅದು ಇದ್ದರೆ ಯಾರೋ ಬಿಚ್ಚಿ ಕೈಗೆ ಸಿಕ್ಕಿದ್ದನ್ನು ಹಾಕಿದ್ದಾರೆ. ಬಟ್ಟೆ ಸುತ್ತಿದ ವೈರಿನ ಜಾಗದಲ್ಲಿ ಪ್ಲಾಸ್ಟಿಕ್ ವೈರು, ಇದೂ ಅದೇ ಜಾತಿ. ನಂಬರ್ ಪ್ಲೇಟೂ ಮಾತಾಡುತ್ತದೆ: ಎಂವೈ, ಎಂಇ, ಸಿಎ ಎಂದು ಶುರುವಾಗಿದ್ದರೆ 1989ರಲ್ಲಿ ಕೆಎ ಬರುವ ಮುಂಚಿನ ನೋಂದಣಿ.

ಅಲ್ಲಿನ ಸಿಬ್ಬಂದಿಯನ್ನು ‘ಇದರ ಬೆಲೆ ಎಷ್ಟು’ ಎಂದು ಎಲ್ಲರೂ ಕೇಳುತ್ತಾರೆ, ಅವರಿಗೂ ಸಾಕಾಗಿರುತ್ತದೆ. ‘ಇದಕ್ಕೆ ಯಾವ ಟೈರು ಹಾಕ್ತೀರಿ ಸಾರ್, ಎಲ್ಲಿಂದ ತರಿಸ್ತೀರಿ’ ಎಂದು ಕೇಳಿ ನೋಡಿ, ಗಂಟೆಗಟ್ಟಲೆ ಮಾತಾಡುತ್ತಾರೆ.