ಇ-ಸ್ಪೀಕ್ ಫೋರ್ಕ್: ಒಂದೂ ಫೈಲ್ ತೆರೆಯದೆ ಕನ್ನಡ ಓದಿತು

ಬರಹವನ್ನು ಓದಿ ಹೇಳುವ ಇ-ಸ್ಪೀಕ್ ಎನ್‌ಜಿ ಎಂಬ ಪ್ರೋಗ್ರಾಮಿನ ನನ್ನ ಫೋರ್ಕ್ (ಮೂಲ ಕೋಡನ್ನು ನಕಲು ಮಾಡಿ ಬೇರೆಯಾಗಿ ಬೆಳೆಸಿದ ಆವೃತ್ತಿ) ಈಗ ಒಂದೇ ಒಂದು ಫೈಲನ್ನೂ ತೆರೆಯದೆ ಕನ್ನಡ ಓದುತ್ತಿದೆ. ಈ ಹಂತ ಮುಟ್ಟಬೇಕು ಅಂತಲೇ ಇಷ್ಟು ಕಾಲ ಪಟ್ಟು ಹಿಡಿದು ಕೂತಿದ್ದೆ. ಕನ್ನಡ ಮಾತಾಡಲು ಬೇಕಾದದ್ದೆಲ್ಲ ಪ್ರೋಗ್ರಾಮಿನ ಒಳಗೇ ಇದೆ. ಬೇರೆ ಇನ್‌ಸ್ಟಾಲ್ ಬೇಡ, ಪಕ್ಕದಲ್ಲೊಂದು ಫೋಲ್ಡರ್ ಬೇಡ, ನೆಟ್ ಅಂತೂ ಬೇಡವೇ ಬೇಡ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಜೊನಾಥನ್ ಡಡಿಂಗ್ಟನ್ 1995ರಲ್ಲಿ ಏಕಾರ್ನ್ ಕಂಪ್ಯೂಟರುಗಳಿಗೆ ಬರೆದ 'ಸ್ಪೀಕ್' ಎಂಬ ಪ್ರೋಗ್ರಾಮಿನಿಂದ ಇ-ಸ್ಪೀಕ್ ಬೆಳೆಯಿತು. 2015ರ ಕೊನೆಗೆ ರೀಸ್ ಡನ್ ಅದನ್ನು ಫೋರ್ಕ್ ಮಾಡಿ ಎನ್‌ಜಿ ಹೆಸರಲ್ಲಿ ಮುಂದುವರಿಸಿದರು. ಕಣ್ಣು ಕಾಣದವರು ಬಳಸುವ ಎನ್‌ವಿಡಿಎ ಸ್ಕ್ರೀನ್ ರೀಡರಿನ ಜೊತೆಗೇ ಬರುವ ದನಿ ಇದು. ಕನ್ನಡವೂ ಇದೆ. ದನಿ ಯಂತ್ರದ್ದು ಅಂತ ತಕ್ಷಣ ಗೊತ್ತಾಗುತ್ತದೆ, ನಿಜ. ಆದರೆ ವೇಗ ಎಷ್ಟು ಹೆಚ್ಚಿಸಿದರೂ ಅಕ್ಷರ ಕಲಸಿಹೋಗುವುದಿಲ್ಲ. ದಿನವಿಡೀ ಕಿವಿಯಿಂದಲೇ ಓದುವವರಿಗೆ ಇಂಪಿಗಿಂತ ಅದು ಮುಖ್ಯ. ಸ್ವರಗಳನ್ನು ಲೆಕ್ಕ ಹಾಕಿಯೇ ಹುಟ್ಟಿಸುತ್ತದೆ, ಹಾಗಾಗಿ ಗಾತ್ರವೂ ಬಹಳ ಚಿಕ್ಕದು.

ಚಿಕ್ಕದಾಗಿದ್ದರೂ ಬೇರೆ ಪ್ರೋಗ್ರಾಮಿನೊಳಗೆ ಕೂರಿಸುವುದು ಕಷ್ಟ. ಅದು ತನ್ನ ದತ್ತಾಂಶವನ್ನು ಒಂದು ಫೋಲ್ಡರಿನಲ್ಲಿ ಹುಡುಕುತ್ತದೆ. ಸಿಗದಿದ್ದರೆ, ಮುಚ್ಚಬೇಡ ಅಂತ ನಾವು ಮೊದಲೇ ಹೇಳಿರದಿದ್ದರೆ, ಲೈಬ್ರರಿ ನಮ್ಮ ಇಡೀ ಪ್ರೋಗ್ರಾಮನ್ನೇ ಮುಚ್ಚಿಬಿಡುತ್ತದೆ! ಆಂಡ್ರಾಯ್ಡ್‌ನಲ್ಲಿ ಆಪ್ ಒಳಗಿರುವುದು ಮಾಮೂಲಿ ಫೈಲುಗಳಲ್ಲ. ಅದಕ್ಕೇ ಅಲ್ಲಿ ಜಿಪ್ ಮಾಡಿಟ್ಟು, ಮೊದಲ ಸಲ ಬಿಚ್ಚಿ ಬೇರೆಡೆ ಇಡಬೇಕಾಗುತ್ತದೆ. ನನಗೆ ಬೇಕಿದ್ದದ್ದು ಇಎಸ್‌ಪಿ32-ಎಸ್3 ಎಂಬ ಚಿಪ್ಪಿನ ಪುಟ್ಟ ಬೋರ್ಡ್ ಮೇಲೆ ಮಾತಾಡುವ ಪುಟ್ಟ ಸಾಧನ. ಅಲ್ಲಿ ಫೈಲ್ ಸಿಸ್ಟಮ್ ಯಾಕೆ ಬೇಕು?

ಕೋಡ್ ಓದುತ್ತಾ ಹೋದ ಹಾಗೆ ಧೈರ್ಯ ಬಂತು. ಧ್ವನಿಮಾಗಳ, ಅಂದರೆ ಮಾತಿನ ಬಿಡಿ ದನಿಗಳ ಫೈಲು ನಾಲ್ಕೇ: ಫೋನ್‌ಟ್ಯಾಬ್, ಫೋನ್‌ಇಂಡೆಕ್ಸ್, ಫೋನ್‌ಡೇಟಾ, ಇಂಟೋನೇಶನ್ಸ್. ನಾಲ್ಕನ್ನೂ ಒಂದೇ ಫಂಕ್ಷನ್ ಪೂರ್ತಿ ಮೆಮೊರಿಗೆ ತಂದು ಪಾಯಿಂಟರ್, ಅಂದರೆ ಮೆಮೊರಿಯಲ್ಲಿ ಅದಿರುವ ವಿಳಾಸ, ಕೊಡುತ್ತದೆ. ಉಚ್ಚಾರಣೆಯ ನಿಯಮಗಳಿರುವ ನಿಘಂಟಿನ ಫೈಲೂ ಹಾಗೇ. ಅಂದರೆ ಪಾಯಿಂಟರ್ ಸಿಕ್ಕ ಮೇಲೆ ಉಳಿದ ಕೋಡಿಗೆ ಅದು ಫೈಲಿಂದ ಬಂತೋ ಎಲ್ಲಿಂದ ಬಂತೋ ಗೊತ್ತೇ ಇಲ್ಲ. ಇವನ್ನೆಲ್ಲ ಸಿ ಭಾಷೆಯ ಕಾನ್ಸ್ಟ್ ಅರೇಗಳಾಗಿ (ಬದಲಾಗದ ದತ್ತಾಂಶದ ಪಟ್ಟಿಗಳಾಗಿ) ಮಾಡಿ, ಆ ಫಂಕ್ಷನ್ನುಗಳಿಗೆ ನೇರ ಅವುಗಳ ವಿಳಾಸ ಕೊಟ್ಟೆ. ಬೋರ್ಡಿನಲ್ಲಿ ಇದರ ಲಾಭ ಜಾಸ್ತಿ. ಅರೇಗಳು ಫ್ಲ್ಯಾಶ್‌ನಲ್ಲೇ ಉಳಿಯುತ್ತವೆ, ರ‍್ಯಾಮ್‌ಗೆ ನಕಲು ಬೇಕಿಲ್ಲ.

ಸತಾಯಿಸಿದ್ದು ದನಿಯ ವಿವರ ಬರೆದಿರುವ ಫೈಲು. ಅದು ಬರೀ ಪಠ್ಯ, ಒಂದೊಂದೇ ಸಾಲು ಓದುವ ಕೋಡ್. ಮೆಮೊರಿಯನ್ನೇ ಫೈಲಿನಂತೆ ತೋರಿಸುವ ಎಫ್‌ಮೆಮ್‌ಓಪನ್ ಲಿನಕ್ಸ್‌ನಲ್ಲಿದೆ, ವಿಂಡೋಸ್‌ನಲ್ಲಿಲ್ಲ. ಎಲ್ಲ ಕಡೆ ಒಂದೇ ಕೋಡ್ ಓಡಲಿ ಅಂತ ಮೆಮೊರಿಯಿಂದ ಸಾಲು ಎತ್ತಿಕೊಡುವ ಚಿಕ್ಕ ಫಂಕ್ಷನ್ ನಾನೇ ಬರೆದೆ.

ಇನ್ನೊಂದು ಸಂಗತಿ ಕನ್ನಡದ ಕಡೆಯಿಂದ. ಕನ್ನಡವನ್ನು ಬಹುಮಟ್ಟಿಗೆ ಬರೆದಂತೆ ಓದುತ್ತೇವೆ, ಹಾಗಾಗಿ ನಮ್ಮ ನಿಘಂಟಿನ ಫೈಲು 100 ಕೆಬಿಯೂ ಇಲ್ಲ. ರಷ್ಯನ್ ಫೈಲು ಹಲವು ಎಂಬಿ, ಯಾಕೆಂದರೆ ಒತ್ತು ಯಾವ ಅಕ್ಷರದ ಮೇಲೆ ಅಂತ ಪದ ನೋಡಿ ಹೇಳಲಾಗದು. ಆದರೆ ಕನ್ನಡದ್ದೊಂದನ್ನೇ ಹಾಕಿ ಸುಮ್ನೆ ಇರುವಂತಿಲ್ಲ. ಪಠ್ಯದ ನಡುವೆ ರೋಮನ್ ಅಕ್ಷರದ ಪದ ಬಂದರೆ ಎಂಜಿನ್ ಇಂಗ್ಲಿಷ್ ನಿಯಮಗಳ ಕಡೆ ತಿರುಗುತ್ತದೆ. ಈಗಿನ ಯಾವ ಕನ್ನಡ ಬರಹದಲ್ಲಿ ಅಂಥ ಪದ ಇರುವುದಿಲ್ಲ, ಹೇಳಿ? ಹಾಗಾಗಿ ಎರಡೂ ನಿಘಂಟುಗಳನ್ನು ಒಳಗೆ ಸೇರಿಸಿದ್ದೇನೆ.

ಆಡಿಯೋಗೆ ಕೈ ಹಚ್ಚುವ ಅಗತ್ಯವೇ ಬರಲಿಲ್ಲ. ಸೆಕೆಂಡಿಗೆ 22,050 ಸ್ಯಾಂಪಲ್, ತಲಾ 16 ಬಿಟ್, ಕಾಲ್‌ಬ್ಯಾಕ್ ಮೂಲಕ, ಅಂದರೆ ನಾವು ಕೊಟ್ಟ ಫಂಕ್ಷನ್ನನ್ನು ಎಂಜಿನ್ನೇ ಕರೆದು, ಬರುತ್ತದೆ. ಅದನ್ನು ಐ2ಎಸ್ (ಡಿಜಿಟಲ್ ಆಡಿಯೋ ಸಾಗಿಸುವ ತಂತಿ ಸಂಪರ್ಕ) ಆಂಪ್ಲಿಫೈಯರಿಗೆ ಕಳಿಸಿದರಾಯಿತು. ವೇಗ ಹೆಚ್ಚಿಸುವ ಸೋನಿಕ್, ಬೇರೆ ದನಿಗಳ ಎಂಬ್ರೋಲಾ, ಪ್ರತ್ಯೇಕ ಥ್ರೆಡ್ಡು ಇವೆಲ್ಲ ನನಗೆ ಬೇಡ, ಬಿಲ್ಡ್ ಮಾಡುವ ಸಿಮೇಕ್‌ನ ಆಯ್ಕೆಗಳಲ್ಲೇ ಬಂದ್ ಮಾಡಿದ್ದೇನೆ.

ದನಿ ಹುಟ್ಟಿಸುವ ಕೋಡನ್ನು ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ದತ್ತಾಂಶ ಒಳಗೆ ಬರುವ ಬಾಗಿಲು ಮಾತ್ರ ನನ್ನದು. ಮೂಲ ಯೋಜನೆಯಲ್ಲಿ ಯಾರೋ ಕನ್ನಡದ ಒಂದು ನಿಯಮ ಸರಿಪಡಿಸಿದರೆ ಅದು ತಕರಾರಿಲ್ಲದೆ ನನ್ನ ಫೋರ್ಕಿಗೂ ಬರಬೇಕು. ಫೋರ್ಕ್ ಚಿಕ್ಕದಾಗಿದ್ದಷ್ಟೂ ಮರ್ಜ್, ಅಂದರೆ ಮೂಲದ ಬದಲಾವಣೆಗಳನ್ನು ಸೇರಿಸಿಕೊಳ್ಳುವುದು, ಸಲೀಸು. ಪೈಪರ್ ಎಂಬ, ನ್ಯೂರಲ್ ನೆಟ್‌ವರ್ಕ್ ಬಳಸಿ ಬರಹ ಓದುವ ಪ್ರೋಗ್ರಾಮು ಕೂಡ ತನ್ನದೇ ಇ-ಸ್ಪೀಕ್ ಫೋರ್ಕ್ ಇಟ್ಟುಕೊಂಡಿತ್ತು. ವಾಕ್ಯದ ತುಂಡು ಅಲ್ಪವಿರಾಮಕ್ಕೆ ಮುಗಿಯಿತೋ ಪೂರ್ಣವಿರಾಮಕ್ಕೋ ಅಂತ ತಿಳಿಸುವ ಫಂಕ್ಷನ್ ಅದರಲ್ಲಿತ್ತು. ಆ ಅಚ್ಚುಕಟ್ಟು ನನಗೆ ತುಂಬಾ ಹಿಡಿಸಿತು.

ಬಳಸುವವರು ಲೈಸೆನ್ಸ್ ಮರೆಯಬೇಡಿ. ಇದು ಜಿಪಿಎಲ್ 3. ನಿಮ್ಮ ಪ್ರೋಗ್ರಾಮಿಗೆ ಲಿಂಕ್ ಮಾಡಿ ಹಂಚಿದರೆ ಆ ಪ್ರೋಗ್ರಾಮಿನ ಮೂಲ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಮನೆಬಳಕೆಯ ಸಾಧನದೊಳಗೆ ಹಾಕಿ ಮಾರಿದರೆ, ಬದಲಿಸಿದ ಕೋಡನ್ನು ಅದರಲ್ಲಿ ಮತ್ತೆ ಹಾಕುವ ದಾರಿಯನ್ನೂ ಕೊಂಡವರಿಗೆ ತಿಳಿಸಬೇಕು. ನನಗೆ ಇದು ನ್ಯಾಯವಾಗಿಯೇ ಕಾಣುತ್ತದೆ.

ಉಳಿದಿರುವುದು ಗ್ಲೋಬಲ್ ವೇರಿಯಬಲ್‌ಗಳು, ಅಂದರೆ ಇಡೀ ಪ್ರೋಗ್ರಾಮಿಗೆ ಒಂದೇ ಪ್ರತಿ ಇರುವ ಮೌಲ್ಯಗಳು. ಪಠ್ಯವನ್ನು ಉಚ್ಚಾರಣೆಗೆ ಬದಲಿಸುವ ಅನುವಾದಕ, ದನಿ, ಕಮಾಂಡ್‌ಗಳ ಸರದಿ, ಎಲ್ಲವೂ ಗ್ಲೋಬಲ್. ಅದಕ್ಕೇ ಒಂದು ಪ್ರೋಗ್ರಾಮಿನಲ್ಲಿ ಎರಡು ದನಿಗಳು ಏಕಕಾಲಕ್ಕೆ ಓಡುವುದಿಲ್ಲ. ಸರಿಪಡಿಸಹೊರಟರೆ ಹೆಚ್ಚುಕಡಿಮೆ ಎಲ್ಲ ಫೈಲುಗಳನ್ನೂ ತಿದ್ದಬೇಕು, ಆಗ ಫೋರ್ಕ್ ಚಿಕ್ಕದಾಗಿ ಉಳಿಯುವುದಿಲ್ಲ. ಸದ್ಯಕ್ಕೆ ಅದನ್ನು ಬಿಟ್ಟು, ಮೆಮೊರಿಯಿಂದ ಓದುವ ಭಾಗವನ್ನು ಪ್ರತ್ಯೇಕ ಪ್ಯಾಚ್ (ಮೂಲಕ್ಕೆ ಸೇರಿಸಬಹುದಾದ ತಿದ್ದುಪಡಿ) ಮಾಡುತ್ತಿದ್ದೇನೆ. ಮೂಲ ಯೋಜನೆಗೆ ಮೊದಲು ಕಳಿಸುವುದು ಅದನ್ನೇ. ಅವರು ಒಪ್ಪಿಕೊಂಡರೆ ನನ್ನ ಫೋರ್ಕಿನಲ್ಲಿ ಬೋರ್ಡಿನ ಬಿಲ್ಡ್ ಸ್ಕ್ರಿಪ್ಟ್ ಬಿಟ್ಟು ಬೇರೇನೂ ಇರಬೇಕಿಲ್ಲ.