ಅಂಚು ಮೇಷ್ಟ್ರು

ಮೇಷ್ಟ್ರು ಹೋದ ಸುದ್ದಿ ನಮ್ಮ ಬ್ಯಾಚಿನ ವಾಟ್ಸ್ಯಾಪ್ ಗುಂಪಿಗೆ ಬಂದದ್ದು ಬೆಳಗಿನ ಜಾವ. 'ಸುಮಾರು 85 ವರ್ಷ ವಯಸ್ಸಾಗಿತ್ತು' ಎಂದು ಯಾರೋ ಹಾಕಿದ್ದರು. ಐದು ನಿಮಿಷವೂ ಆಗಿಲ್ಲ, ದಾವಣಗೆರೆಯ ಗೆಳೆಯನ ಉತ್ತರ ಬಂತು: 'ಸುಮಾರು ಅಂತ ಬರೀಬೇಡ್ರೋ, ಎದ್ದು ಬಂದು ಕಿವಿ ಹಿಂಡ್ತಾರೆ.' ಅವರ ಮಗಳನ್ನೇ ಕೇಳಿ ತಿದ್ದಿದೆವು. 86 ವರ್ಷ, 4 ತಿಂಗಳು.

ಈ ಲೇಖನ ಕೇಳಿದ ಇದೇ ಕೃಷಿ ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಓದಿದ್ದು 1978ರಿಂದ 1982ರವರೆಗೆ. ಕಲಿತದ್ದರಲ್ಲಿ ಎಷ್ಟು ಉಳಿದಿದೆ ಎಂದು ಯಾರಾದರೂ ಈಗ ಪರೀಕ್ಷೆ ಇಟ್ಟರೆ ನಾಚಿಕೆಗೇಡು. ಕೀಟಗಳ ಲ್ಯಾಟಿನ್ ಹೆಸರುಗಳು ಹಾಸ್ಟೆಲ್ ಬಿಟ್ಟ ದಿನವೇ ನನ್ನನ್ನು ಬಿಟ್ಟುಹೋದವು. ಉಳಿದದ್ದು ಇಬ್ಬರು ಮೇಷ್ಟ್ರುಗಳ ಜಗಳ.

ಒಬ್ಬರು ಸಂಖ್ಯಾಶಾಸ್ತ್ರದವರು, ಈಗ ಹೋದವರು. ಇನ್ನೊಬ್ಬರು ತಳಿಶಾಸ್ತ್ರದವರು, ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ತಳಿ ಮೇಷ್ಟ್ರು ರಾಗಿಯ ಹೊಸ ತಳಿಯೊಂದನ್ನು ಕೂಸಿನ ಹಾಗೆ ಸಾಕುತ್ತಿದ್ದರು. ಇಂಡಾಫ್ ಎಂಬ ರಾಗಿ ತಳಿಗಳನ್ನು ಕೊಟ್ಟ ವಿಜ್ಞಾನಿ ಲಕ್ಷ್ಮಣಯ್ಯನವರ ಹೆಸರು ಆಗ ಊರೂರಲ್ಲಿ ಮೊಳಗುತ್ತಿತ್ತು. ತಮ್ಮದೂ ಹಾಗೇ ಆಗಬೇಕೆಂಬ ಆಸೆ ಅವರಿಗಿದ್ದರೆ ತಪ್ಪೇನಲ್ಲ. ತಾಕಿನ ಇಳುವರಿ ಪಟ್ಟಿ ಹಿಡಿದು ಅವರು ಸಂಭ್ರಮದಿಂದ ಬಂದರೆ ನಮ್ಮ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಅಂಚಿನ ಸಾಲು ಬಿಟ್ಟು ಕೊಯ್ಸಿದ್ರಾ?"

ಅಂಚಿನ ಸಾಲಿನ ಪೈರಿಗೆ ಒಂದು ಪಕ್ಕದಲ್ಲಿ ಪೈಪೋಟಿ ಇಲ್ಲ. ಬೆಳಕು, ಗಾಳಿ, ಗೊಬ್ಬರ ಎಲ್ಲ ಹೆಚ್ಚು. ಅದನ್ನು ಸೇರಿಸಿ ತೂಗಿದರೆ ಎಂಥ ತಳಿಯೂ ಗೆಲ್ಲುತ್ತದೆ. ತಳಿ ಮೇಷ್ಟ್ರು ಕೆಂಪಾಗಿ, "ನಿಮ್ಮಂಥೋರಿದ್ರೆ ಈ ದೇಶದಲ್ಲಿ ಹಸಿರು ಕ್ರಾಂತೀನೇ ಆಗ್ತಿರಲಿಲ್ಲ ಕಣ್ರೀ" ಎಂದು ಹೊರಟುಬಿಡುವರು. ಸಂಜೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಮನೆಗೆ. ನಾವು ನಮ್ಮವರಿಗೆ ಇಟ್ಟ ಹೆಸರು ಅಂಚು ಮೇಷ್ಟ್ರು.

ಅವರು ದೆಹಲಿಯ ಪೂಸಾದಲ್ಲಿ ಓದಿ ಬಂದವರು. 1959ರಲ್ಲಿ ಸ್ವತಂತ್ರ ಸಂಸ್ಥೆಯಾದ ಕೃಷಿ ಸಾಂಖ್ಯಿಕ ಸಂಶೋಧನಾ ಕೇಂದ್ರದಲ್ಲಿ, ವಿ.ಜಿ. ಪಾನ್ಸೆ ಅದನ್ನು ನಡೆಸುತ್ತಿದ್ದ ಕಾಲದಲ್ಲಿ. ಹಾಗಾಗಿ ಪಾಠ ಯಾವ ಸೂತ್ರದಿಂದ ಶುರುವಾದರೂ ಕಾಲು ಗಂಟೆಯೊಳಗೆ ಪೂಸಾಕ್ಕೆ ಬಂದು ನಿಲ್ಲುತ್ತಿತ್ತು.

ಮೊದಲು ಆಣೆವಾರಿಯ ಕತೆ. ಬ್ರಿಟಿಷರ ಕಾಲದಲ್ಲಿ ಬೆಳೆಯನ್ನು ಅಳೆಯುತ್ತಿದ್ದದ್ದು ಕಣ್ಣಿನಿಂದ. ಹೊಲದ ಬದುವಿನ ಮೇಲೆ ನಿಂತು ಹದಿನಾರಾಣೆ ಬೆಳೆ, ಹತ್ತಾಣೆ ಬೆಳೆ, ಆರಾಣೆ ಬೆಳೆ ಎಂದು ಬರೆದುಕೊಂಡರೆ ಮುಗಿಯಿತು. ಕಂದಾಯ ಮಾಫಿಯೂ ಅದರ ಮೇಲೆ, ಬರಗಾಲದ ಲೆಕ್ಕವೂ ಅದರ ಮೇಲೆ. 'ಹದಿನಾರಾಣೆ' ಎಂದರೆ ಯಾವ ವರ್ಷದ ಬೆಳೆ ಎಂದು ಕೇಳಿದರೆ ಬರೆದವರಿಗೂ ಗೊತ್ತಿರುತ್ತಿರಲಿಲ್ಲ. ಇದನ್ನು ಮುರಿದವರು ಪಿ.ವಿ. ಸುಖಾತ್ಮೆ. ಲಂಡನ್ನಿನಲ್ಲಿ ಓದಿ ಬಂದು, ದೇಶದ ಕೃಷಿ ಸಂಶೋಧನೆಯನ್ನು ನೋಡಿಕೊಳ್ಳುವ ಕೃಷಿ ಅನುಸಂಧಾನ ಪರಿಷತ್ತಿನ (ಐಸಿಎಆರ್) ಸಂಖ್ಯಾಶಾಸ್ತ್ರ ವಿಭಾಗಕ್ಕೆ ಮುಖ್ಯಸ್ಥರಾಗಿ, 1940ರ ದಶಕದಲ್ಲಿ ಬೆಳೆ ಕಟಾವು ಪ್ರಯೋಗವನ್ನು ಹೊಲಕ್ಕೆ ಇಳಿಸಿದರು. ಊರು, ಸರ್ವೆ ನಂಬರು, ಹೊಲದೊಳಗಿನ ಜಾಗ, ಎಲ್ಲವನ್ನೂ ಚೀಟಿ ಎತ್ತಿದ ಹಾಗೆ ಆರಿಸಬೇಕು. ಆರಿಸಿದ ಜಾಗದಲ್ಲಿ ಗೂಟ ಹೊಡೆದು, ಹಗ್ಗ ಕಟ್ಟಿ, ಕೊಯ್ದು, ಬಡಿದು, ತೂಗಬೇಕು.

ಅಷ್ಟರಲ್ಲೇ ಬಂಗಾಳದಲ್ಲಿ ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸರು ಸೆಣಬು, ಭತ್ತ ಎಂದು ತಮ್ಮದೇ ಸಮೀಕ್ಷೆ ನಡೆಸುತ್ತಿದ್ದರು. ಅವರು ಕೊಯ್ಸಿ ತೂಗಿಸುತ್ತಿದ್ದದ್ದು ಹೊಲದೊಳಗಿನ ಚಿಕ್ಕ ಚಿಕ್ಕ ವೃತ್ತಗಳನ್ನು. ಖರ್ಚು ಕಡಿಮೆ, ಕೆಲಸ ಬೇಗ. ಸುಖಾತ್ಮೆ 1946ರಲ್ಲಿ 'ನೇಚರ್' ಪತ್ರಿಕೆಯಲ್ಲೇ ಬರೆದರು: ತುಂಡು ಚಿಕ್ಕದಾದಷ್ಟೂ ಇಳುವರಿ ಉಬ್ಬುತ್ತದೆ. ಏಕೆಂದರೆ ಚಿಕ್ಕ ತುಂಡಿನಲ್ಲಿ ಒಳಗಿಗಿಂತ ಅಂಚೇ ಜಾಸ್ತಿ. ಗೆರೆಯ ಮೇಲಿರುವ ತೆನೆ ಕಂಡರೆ ಕುಡುಗೋಲು ಹಿಡಿದ ಕೈ ಅದನ್ನು ಒಳಕ್ಕೇ ಎಳೆದುಕೊಳ್ಳುತ್ತದೆ. ಮೇಷ್ಟ್ರಿಗೆ ಈ ಕತೆ ಎಷ್ಟು ಸಲ ಹೇಳಿದರೂ ಸಾಲದು. "ಯಾರೂ ಬೇಕೂಂತ ಮೋಸ ಮಾಡಲ್ಲ ಕಣ್ರಯ್ಯ. ಕೈ ತಾನೇ ಮಾಡುತ್ತೆ. ಅದಕ್ಕೇ ನಿಯಮ: ಅಂಚಿನ ಪೈರಿನ ಬುಡ ಅರ್ಧಕ್ಕಿಂತ ಹೆಚ್ಚು ಒಳಗಿದ್ರೆ ಒಳಗೆ, ಇಲ್ಲಾಂದ್ರೆ ಹೊರಗೆ. ತೆನೆ ಎತ್ತ ಬಾಗಿದೆ ಅನ್ನೋದು ಲೆಕ್ಕಕ್ಕಿಲ್ಲ."

ಆ ಜಗಳದ ಕುರುಹು ನಮ್ಮ ದೇಶದ ಹೊಲಗಳಲ್ಲಿ ಆಮೇಲೂ ಉಳಿಯಿತು. ನಮ್ಮಲ್ಲಿ ರಾಗಿಗೆ 5 ಮೀಟರ್ ಚೌಕ, ಉತ್ತರ ಪ್ರದೇಶದಲ್ಲಿ 10 ಮೀಟರ್ ಬಾಹುವಿನ ತ್ರಿಕೋನ, ಬಂಗಾಳದಲ್ಲಿ ವೃತ್ತ. ಅದರ ತ್ರಿಜ್ಯ 1.7145 ಮೀಟರ್. ಈ ನಾಲ್ಕು ದಶಮಾಂಶವನ್ನು ಹೇಳುವಾಗ ಮೇಷ್ಟ್ರ ಮುಖದಲ್ಲಿ ಸಂಗೀತ ಕೇಳಿದವರ ಸುಖ.

ಇನ್ನೊಂದು ಅವರ ಗೀಳು ಕುರ್ಚಿಯದು. ಸಂಸ್ಥೆ ಕಟ್ಟುವುದು ಸುಲಭ, ಕುರ್ಚಿಯಲ್ಲಿ ಯಾರನ್ನು ಕೂರಿಸುತ್ತೀರಿ ಎನ್ನುವುದೇ ಪ್ರಶ್ನೆ ಎನ್ನುತ್ತಿದ್ದರು. ಬ್ರಿಟಿಷ್ ಸರ್ಕಾರದ ಕೃಷಿ ಆಯೋಗವಾದ ಲಿನ್ಲಿತ್ಗೋ ಆಯೋಗದ ಶಿಫಾರಸಿನಂತೆ ಕೃಷಿ ಅನುಸಂಧಾನ ಪರಿಷತ್ತು ಹುಟ್ಟಿದ್ದು 1929ರಲ್ಲಿ. ಆದರೆ ಅದರ ಚುಕ್ಕಾಣಿ ಬಹುಕಾಲ ಆಡಳಿತಾಧಿಕಾರಿಗಳ ಕೈಲೇ ಇತ್ತು. ವಿಜ್ಞಾನಿಯೊಬ್ಬರು, ಗೋಧಿ ತಳಿಯ ಬಿ.ಪಿ. ಪಾಲ್, ಮೊದಲ ಮಹಾನಿರ್ದೇಶಕರಾಗಿ ಬಂದದ್ದು 1965ರಲ್ಲಿ. ಅಷ್ಟಕ್ಕೇ ಎಲ್ಲ ಸರಿಹೋಯಿತೇ? 1972ರಲ್ಲಿ ದೆಹಲಿಯಲ್ಲಿ ಯುವ ಕೃಷಿ ವಿಜ್ಞಾನಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡರು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರ ಸಮಿತಿ ಕೂತಿತು. ಮರುವರ್ಷ ವಿಜ್ಞಾನಿಗಳ ನೇಮಕಕ್ಕೆ ಪ್ರತ್ಯೇಕ ಮಂಡಳಿ ಬಂತು. (ನಮ್ಮ ಭತ್ತದ ತಳಿ ವಿಜ್ಞಾನಿ ಮಹದೇವಪ್ಪನವರು ಮುಂದೆ ಇದೇ ಮಂಡಳಿಯ ಅಧ್ಯಕ್ಷರಾದರು.) ಅದೇ 1973ರಲ್ಲಿ ಕೇಂದ್ರದಲ್ಲಿ ಕೃಷಿ ಸಂಶೋಧನೆಗೇ ಒಂದು ಇಲಾಖೆ ಆಗಿ, ಮಹಾನಿರ್ದೇಶಕರೇ ಅದರ ಕಾರ್ಯದರ್ಶಿಯೂ ಆದರು. ಆಗ ಆ ಜಾಗದಲ್ಲಿದ್ದವರು ಸ್ವಾಮಿನಾಥನ್. "ಇನ್ನು ವಿಜ್ಞಾನಿ ಕಡತ ಹಿಡ್ಕೊಂಡು ಬೇರೆಯವರ ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ. ಆದರೆ ತಾನೇ ಬಾಗಿಲಾದಾಗ ಏನು ಮಾಡ್ತಾನೆ ನೋಡಬೇಕು" ಎಂದು ಮೇಷ್ಟ್ರು ನಗುತ್ತಿದ್ದರು. 2010ರಲ್ಲಿ ಯಳಂದೂರಿನ ಎಸ್. ಅಯ್ಯಪ್ಪನ್ ಅದೇ ಹುದ್ದೆಗೇರಿದಾಗ ಮೇಷ್ಟ್ರು ನನಗೆ ಫೋನ್ ಮಾಡಿದ್ದರು. ಬೆಳೆಯವರಲ್ಲ, ಮೀನಿನವರು! "ಮೀನಿಗೆ ಅಂಚೆಲ್ಲಿದೆ ಹೇಳು?" ಎಂದು ಅವರೇ ಜೋರಾಗಿ ನಕ್ಕರು.

ಅಮೆರಿಕದ ಕಿಟಕಿಯ ಕತೆಯನ್ನೂ ಹೇಳಿದವರು ಅವರೇ. 1905ರಲ್ಲಿ ಅಲ್ಲಿಯ ಕೃಷಿ ಇಲಾಖೆಯ ಅಂಕಿಅಂಶ ನೌಕರನೊಬ್ಬ ಹತ್ತಿಯ ಅಂದಾಜನ್ನು ವ್ಯಾಪಾರಿಗಳಿಗೆ ಮೊದಲೇ ಸೋರಬಿಟ್ಟ. ಕಿಟಕಿಯ ಪರದೆ ಏರಿಸಿ ಇಳಿಸಿ ಸಂಜ್ಞೆ ಮಾಡುತ್ತಿದ್ದನಂತೆ. ಆಮೇಲೆ ಅಲ್ಲಿ ಬೆಳೆ ವರದಿ ಮಂಡಳಿ ಹುಟ್ಟಿತು, ವರದಿ ಸಿದ್ಧವಾಗುವ ದಿನ ಕೋಣೆಗೆ ಬೀಗ ಬಿತ್ತು. ಈ ಕತೆ ಕೇಳಿದ ಮುಂದಿನ ಟೆಸ್ಟಿನಲ್ಲಿ ನಮ್ಮ ಹಾಸ್ಟೆಲ್ಲಿನ ಒಬ್ಬ ಪರದೆಯಿಂದ ಉತ್ತರ ಸಾಗಿಸಲು ನೋಡಿದ್ದು ಬೇರೆ ಮಾತು.

ನಮ್ಮ ಮಾತಿಗೆ ಬರುತ್ತೇನೆ. ಮೂರನೇ ವರ್ಷ, ರಾಗಿ ಕೊಯ್ಲಿನ ಹೊತ್ತು. ನಾಲ್ಕು ಜನರ ತಂಡ, ಆರು ಕಟಾವು. ಕೈಗೆ ಸರ್ವೆ ನಂಬರಿನ ಚೀಟಿ, ಟೇಪು, ನಾಲ್ಕು ಗೂಟ, ಹಗ್ಗ, ತಕ್ಕಡಿ. ಹೊಲದ ನೈಋತ್ಯ ಮೂಲೆಯಿಂದ ಹೆಜ್ಜೆ ಎಣಿಸಿ, ಮೊದಲ ಗೂಟ ಹೊಡೆದು, ಕರ್ಣ 7.07 ಮೀಟರ್ ಬರುವ ತನಕ ಗೂಟ ಜರುಗಿಸಬೇಕು. ಎರಡು ಹೊಲ ಪ್ರಾಮಾಣಿಕವಾಗಿ ಮುಗಿಸಿದೆವು. ಮಧ್ಯಾಹ್ನದ ಬಿಸಿಲು ಏರಿತು. ಹೊಂಗೆ ಮರದ ನೆರಳು ಕರೆಯಿತು. ಪಕ್ಕದ ಹೊಲದವರು ಕೊಟ್ಟ ಹಸಿ ಕಡಲೆಕಾಯಿ ಬೇರೆ.

ಉಳಿದ ನಾಲ್ಕನ್ನು ಮರದ ಕೆಳಗೇ 'ಕೊಯ್ದೆವು'. ಲೆಕ್ಕದಲ್ಲಿ ಬುದ್ಧಿವಂತನೆಂಬ ಹೆಸರು ನನ್ನದು, ಹಾಗಾಗಿ ತೂಕ ಬರೆದವನೂ ನಾನೇ: 4.850, 5.350, 5.150, 4.950 ಕಿಲೋ. ಹೆಚ್ಚುಕಡಿಮೆ ಇರಲಿ ಎಂದು ಬೇರೆಬೇರೆ ಹಾಕಿದೆನೆಂಬ ಹೆಮ್ಮೆ ಬೇರೆ.

ಮೂರು ದಿನ ಬಿಟ್ಟು ಮೇಷ್ಟ್ರು ಕರೆಸಿದರು. ಮೊದಲೆರಡರ ತೂಕ 4.735, 6.280. "ಮಧ್ಯಾಹ್ನದ ಮೇಲೆ ನಿಮ್ಮ ತಕ್ಕಡಿ 50 ಗ್ರಾಮಿಗೇ ನಿಲ್ಲೋಕೆ ಶುರು ಮಾಡ್ತಾ?" ನಾವು ಗಪ್‌ಚುಪ್. "ಹೋಗಲಿ, ಐದನೇ ಹೊಲದಲ್ಲಿ ರಾಗಿ ಹೇಗಿತ್ತು?" "ಚೆನ್ನಾಗಿತ್ತು ಸಾರ್," ಎಂದೆ. "ಅದು ನೀಲಗಿರಿ ತೋಪು ಕಣಯ್ಯ. ನಿನ್ನೆ ನೋಡ್ಕೊಂಡು ಬಂದೆ."

ಪಹಣಿಯಲ್ಲಿ ರಾಗಿ ಎಂದಿತ್ತು, ನೆಲದ ಮೇಲೆ ನೀಲಗಿರಿ ನಿಂತಿತ್ತು. ನಾವು ಅಲ್ಲಿಂದ ಎಕರೆಗೆ ಎಂಟು ಕ್ವಿಂಟಲ್ ಮೀರಿ ರಾಗಿ ತೆಗೆದಿದ್ದೆವು! ಮೇಷ್ಟ್ರು ಬೈಯಲಿಲ್ಲ. ನಾಲ್ವರನ್ನೂ ಅದೇ ಊರಿಗೆ ಕರೆದೊಯ್ದು ಕ್ಷಮೆ ಕೇಳಿಸಿದರು. ಹೊಲದ ಯಜಮಾನ ಬೀಡಿ ಹಚ್ಚುತ್ತಾ, "ಹೊಲ ನೋಡ್ದೆ ಬರ್ಕೊಂಡೋಗೋರು ಸಾನ್‌ಬೋಗ್ರು ಒಬ್ರೇ ಅಂದ್ಕಂಡಿದ್ದೆ" ಎಂದ. ಬೈಗುಳವೇ ವಾಸಿ ಇತ್ತು. ಕೊಯ್ಲು ಮುಗಿದಿದ್ದರಿಂದ ಮತ್ತೆ ಅಳೆಯುವಂತಿರಲಿಲ್ಲ. ರಿಜಿಸ್ಟರಿನಲ್ಲಿ ನಾಲ್ಕು ಸಾಲಿಗೂ ನನ್ನ ಕೈಯಿಂದಲೇ 'ಅಳೆದಿಲ್ಲ' ಎಂದು ಬರೆಸಿ ರುಜು ಹಾಕಿಸಿದರು. 25 ಚದರ ಮೀಟರಿನಲ್ಲಿ ನೂರು ಗ್ರಾಂ ಸುಳ್ಳು ಹೇಳಿದರೆ ಹೆಕ್ಟೇರಿಗೆ 40 ಕಿಲೋ ಸುಳ್ಳಾಗುತ್ತದೆ ಎಂಬ ಗುಣಾಕಾರವನ್ನು ಬೋರ್ಡಿನ ಮೇಲೆ ಹಾಕಿಸಿದ್ದೂ ನನ್ನಿಂದಲೇ.

ವಿಧಿಯ ತಮಾಷೆ ನೋಡಿ, ಬೆಳೆ ಅಂಕಿಅಂಶವೇ ನನ್ನ ಅನ್ನವಾಯಿತು. ಕೊನೆಯ 3 ವರ್ಷ 2 ತಿಂಗಳು ಒಂದು ಕಚೇರಿಯ ಮುಖ್ಯಸ್ಥನ ಕುರ್ಚಿಯಲ್ಲೂ ಕೂತೆ. ಯಾವ ಕಚೇರಿ ಎನ್ನುವುದು ಇಲ್ಲಿ ಬೇಡ. ಒಂದು ಬರದ ವರ್ಷ ಮೇಲಿನವರ ಫೋನ್ ಬಂತು: ಇಳುವರಿ ಇಷ್ಟೊಂದು ಕೆಳಗೆ ತೋರಿಸಿದರೆ ಹೇಗೆ, ಸ್ವಲ್ಪ 'ಹೊಂದಿಸಿ'. ಬೆಳೆ ವಿಮೆ ಬಂದ ಮೇಲೆ ಈ ಅಂಕಿಗೆ ಹಲ್ಲು ಬಂದಿದೆ. ಪಂಚಾಯಿತಿಯ ನಾಲ್ಕು ಕಟಾವಿನ ಸರಾಸರಿ ಯಾರ ಖಾತೆಗೆ ದುಡ್ಡು ಹೋಗಬೇಕೆಂದು ತೀರ್ಮಾನಿಸುತ್ತದೆ. ನಾನು ಹೊಂದಿಸಲಿಲ್ಲ. ಕಟಾವಿನ ನಮೂನೆಗಳನ್ನೆಲ್ಲ ರುಜು ಸಹಿತ ಕಟ್ಟಿ ಕಳಿಸಿದೆ. ಇದನ್ನು ಹೇಳಿಕೊಳ್ಳುವ ಅವಕಾಶಕ್ಕಾಗಿಯೇ ಈ ಲೇಖನಕ್ಕೆ ಒಪ್ಪಿಕೊಂಡೆನೋ ಏನೋ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು.

ಹಾಗಿದ್ದ ಮೇಲೆ ಇದನ್ನೂ ಹೇಳಬೇಕು. ಇನ್ನೊಂದು ವರ್ಷ ನನಗೆ ಬಂದ ಸೂಚನೆ ತಿದ್ದಿ ಎಂದಲ್ಲ, 'ಈಗ ಬೇಡ' ಎಂದು. ಪರಿಶೀಲನೆಯಲ್ಲಿದೆ ಎಂಬ ಷರಾ ಬರೆದು ಏಳು ವಾರ ಕಡತವನ್ನು ನನ್ನ ಮೇಜಿನ ಮೇಲೇ ಇಟ್ಟುಕೊಂಡೆ. ಒಂದು ಅಂಕಿಯನ್ನೂ ಮುಟ್ಟಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ವರದಿ ಹೊರಬಿದ್ದ ವಾರ ಮೇಷ್ಟ್ರ ಕಾರ್ಡು ಬಂತು. ಕ್ಷೇಮ ಸಮಾಚಾರ ಇಲ್ಲ, ಎರಡೇ ಸಾಲು: 'ನವೆಂಬರಿನ ಅಂಕಿ ಜನವರಿಗೆ ಬಂದಿದೆ. ಬುಡ ಎಲ್ಲಿತ್ತು?'

ಉತ್ತರ ಬರೆಯಲಿಲ್ಲ. 2019ರ ಜನವರಿಯಲ್ಲಿ ವರದಿಯೊಂದನ್ನು ತಡೆಹಿಡಿದರೆಂದು ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟ ಸುದ್ದಿ ಓದಿದಾಗ ಆ ಕಾರ್ಡನ್ನು ಹುಡುಕಿದೆ, ಸಿಗಲಿಲ್ಲ.

ಈಗಿನ ಮಕ್ಕಳನ್ನು ಕಂಡರೆ ಸ್ವಲ್ಪ ಹೊಟ್ಟೆಕಿಚ್ಚು, ಸ್ವಲ್ಪ ಬೇಸರ. ಕಳೆದ ವರ್ಷ ಕಾಲೇಜಿಗೆ ಬಂದಾಗ ಅಂತಿಮ ವರ್ಷದವರೊಡನೆ ಹರಟಿದೆ. ವಿಶ್ಲೇಷಣೆಯ ಸಾಫ್ಟ್‌ವೇರ್ ಅವರ ಬೆರಳ ತುದಿಯಲ್ಲಿದೆ. ನಾವು ಒಂದು ವಾರ ಗುಣಿಸಿದ್ದನ್ನು ಅವರು ಚಹಾ ಆರುವುದರೊಳಗೆ ಮುಗಿಸುತ್ತಾರೆ. ಆದರೆ ಹೊಲದ ನೈಋತ್ಯ ಮೂಲೆ ಯಾವುದು ಎಂದರೆ ಮೊಬೈಲ್ ತೆಗೆದರು. ಓದಿನ ಭಾಗವಾಗಿ ಹಳ್ಳಿಯಲ್ಲಿ ಕಳೆಯುವ ಗ್ರಾಮವಾಸದ ತಿಂಗಳುಗಳ ಫೋಟೊಗಳಲ್ಲಿ ಬ್ಯಾನರ್ ಚೆನ್ನಾಗಿ ಕಾಣುತ್ತದೆ, ಬೆಳೆ ಕಾಣುವುದಿಲ್ಲ. ಮುದುಕರ ಗೊಣಗಾಟ ಎನ್ನಿ, ಬೇಸರವಿಲ್ಲ. ಹೊಲದಲ್ಲೇ ನಿಂತು ಫೋಟೊ ತೆಗೆಯಬೇಕಾದ ಬೆಳೆ ಸಮೀಕ್ಷೆಯ ಆ್ಯಪು ಆಗ ಇದ್ದಿದ್ದರೆ ಹೊಂಗೆ ಮರದ ಕೆಳಗೇ ನಮ್ಮ ಬಂಡವಾಳ ಬಯಲಾಗುತ್ತಿತ್ತು, ಅದೂ ನಿಜ.

ಮೇಷ್ಟ್ರ ವೈಕುಂಠ ಸಮಾರಾಧನೆಗೆ ಬ್ಯಾಚಿನ ಏಳು ಜನ ಹೋಗಿದ್ದೆವು. ನೀಲಗಿರಿ ತಂಡದಲ್ಲಿ ಉಳಿದಿರುವ ಮೂವರೂ ಇದ್ದೆವು. ಊಟ ಮುಗಿಸಿ ಹೊರಬಂದಾಗ ನೆಂಟರೊಬ್ಬರು ಪತ್ರಿಕೆಯವರಿಗೆ ಫೋನಿನಲ್ಲಿ "ನೂರಾರು ಜನ ಶಿಷ್ಯರು ಸೇರಿದ್ರು" ಎನ್ನುತ್ತಿದ್ದರು. ನಾವು ಮುಖ ಮುಖ ನೋಡಿಕೊಂಡೆವು. ಮೂವರೂ ಎಣಿಸಿದ್ದೆವು, ಒಬ್ಬರಿಗೊಬ್ಬರು ಹೇಳದೆ.

"63," ಎಂದೆ.

"61," ಎಂದ ದಾವಣಗೆರೆಯವನು. "ಗೇಟಿನ ಹತ್ರ ನಿಂತಿದ್ದ ಇಬ್ರು ಡ್ರೈವರ್‌ಗಳನ್ನ ಸೇರಿಸಿಬಿಟ್ಟಿದ್ದೀಯ."

ಮೂರನೆಯವನು ಎಲೆಯಡಿಕೆಗೆ ಸುಣ್ಣ ಹಚ್ಚುತ್ತಾ ಗೇಟಿನ ಕಡೆ ತಿರುಗಿದ. "ಬುಡ ಒಳಗಿತ್ತೋ, ಹೊರಗಿತ್ತೋ?"